ಸದ್ದಿಗೆ ಓಗೊಡುವ ಹಕ್ಕಿಗಳು

ಕೊಚ್ಚಿಯಿಂದ ತಿರುವನಂತಪುರಕ್ಕೆ ಹೋಗುವ ದಾರಿಯಲ್ಲಿ ಕೊಲ್ಲಂ ಸಿಗುತ್ತದೆ. ಅದರ ಅಂಚಿನಲ್ಲಿ, ಅಷ್ಟಮುಡಿ ಹಿನ್ನೀರಿನ ಬದಿಗೆ, ಕುರೀಪುಳ ಎಂಬ ಊರು. ಕೇರಳದ ಪಶುಸಂಗೋಪನಾ ಇಲಾಖೆ ಅಲ್ಲಿ ಟರ್ಕಿ ಕೋಳಿಗಳನ್ನು ಸಾಕುತ್ತದೆ. ಮೊಟ್ಟೆಗೂ ಮಾಂಸಕ್ಕೂ ಸಾಕುವ ಹಕ್ಕಿ ಅದು, ನಮ್ಮ ನೆಲದ್ದಲ್ಲ. ಆದರೆ ಗಂಡು ಟರ್ಕಿಗಳಿರುವ ಯಾವ ಫಾರ್ಮಿನ ಬೇಲಿಯ ಹೊರಗೆ ನಿಂತು ಲಾರಿಯ ಹಾರ್ನ್ ಬಾರಿಸಿದರೂ ಒಂದು ವಿಚಿತ್ರವನ್ನು ಕಾಣಬಹುದು. ಎದೆ ಉಬ್ಬಿಸಿ ಅತ್ತಿತ್ತ ಸುಳಿಯುತ್ತಿದ್ದ ಗಂಡು ಗಕ್ಕನೆ ಕತ್ತು ಮುಂದೆ ಚಾಚುತ್ತದೆ. ಕೊಕ್ಕಿನ ಬುಡದಿಂದ ಇಳಿಬಿದ್ದ ಮಾಂಸದ ಜೋಲು ಅಲುಗಾಡುತ್ತದೆ. ಗಂಟಲಿನಿಂದ ಗುಳುಗುಳು ಎಂಬ ಉರುಳು ಸದ್ದು ಒಂದೇ ಉಸಿರಿಗೆ ಹೊರಬೀಳುತ್ತದೆ. ಪಕ್ಕದ ಗಂಡುಗಳು ಎಷ್ಟಿದ್ದರೂ ಅವೂ ಅದೇ ಕ್ಷಣಕ್ಕೆ ಕೂಗಿಬಿಡುತ್ತವೆ. ಯಾರು ಮೊದಲು ಕೂಗಿದರು ಎಂದು ಹೇಳಲಾಗದಷ್ಟು ಒಟ್ಟೊಟ್ಟಿಗೆ. ಹಾರ್ನ್ ಮತ್ತೆ ಮೊಳಗಿದರೆ ಮತ್ತೆ ಕೂಗು.

ಟರ್ಕಿಯ ತವರಾದ ಉತ್ತರ ಅಮೆರಿಕದಲ್ಲಿ ಬೇಟೆಗಾರರು ಈ ಒಂದು ಚಾಳಿಯನ್ನೇ ನಂಬಿಕೊಂಡಿದ್ದಾರೆ. ಅಲ್ಲಿ ವಸಂತ ಬಂತೆಂದರೆ ಕಾಡು ಟರ್ಕಿಯ ಗಂಡುಗಳಿಗೆ ಬೆದೆಗಾಲ. ರಾತ್ರಿ ಎತ್ತರದ ಮರದಲ್ಲಿ ಕೂತು ಕಳೆದು ಬೆಳಕು ಹರಿಯುವಾಗ ಕೆಳಗಿಳಿಯುತ್ತವೆ. ಯಾವ ಮರದಲ್ಲಿ ಕೂತಿದೆ ಎಂದು ಕತ್ತಲಲ್ಲೇ ಗೊತ್ತಾಗಬೇಕು. ಅದಕ್ಕೆ ಬೇಟೆಗಾರ ಮುಂಜಾವದಲ್ಲಿ ದಿಣ್ಣೆಯ ಮೇಲೆ ನಿಂತು ಆ ಕಾಡಿನದೇ ಒಂದು ಗೂಬೆಯ ಕೂಗನ್ನು, ಎಂಟು ಸ್ವರದ ಹೂಂಕಾರವನ್ನು, ಬಾಯಿಂದಲೋ ಮರದ ಪೀಪಿಯಿಂದಲೋ ಎಬ್ಬಿಸುತ್ತಾನೆ. ದೂರದ ಮರದ ಮೇಲಿನ ಗಂಡು ತಡೆಯಲಾರದೆ ಗುಳುಗುಳು ಎನ್ನುತ್ತದೆ. ಅಲ್ಲಿಗೆ ಜಾಗ ಗೊತ್ತಾಯಿತು. ಹೊತ್ತು ಏರಿದ ಮೇಲೆ ಗೂಬೆ ಕೂಗಿದರೆ ಸಹಜವೆನಿಸದು. ಆಗ ಕಾಗೆಯ ಕೂಗು. ಸಂಜೆಗೆ ಕಯೋಟಿ ತೋಳದ ಊಳು.

ಬೇಟೆಗಾರ ಹೆಣ್ಣು ಟರ್ಕಿಯ ದನಿಯನ್ನೇ ಅನುಕರಿಸಬಹುದಲ್ಲ, ಗೂಬೆ ಯಾಕೆ? ಇಲ್ಲೊಂದು ಸೂಕ್ಷ್ಮವಿದೆ. ಹೆಣ್ಣಿನ ದನಿ ಕೇಳಿದ ಗಂಡು ಹುಡುಕಿಕೊಂಡು ಬರಲು ಶುರುಮಾಡುತ್ತದೆ. ಬೇಟೆಗಾರ ಇನ್ನೂ ಮರೆಯಲ್ಲಿ ಕೂತಿಲ್ಲದಿದ್ದರೆ ಅದರ ಚುರುಕು ಕಣ್ಣಿಗೆ ಬಿದ್ದು ಆಟ ಮುಗಿಯುತ್ತದೆ. ಗೂಬೆಯ ಕೂಗಿಗಾದರೆ ಅದು ಕೂಗುತ್ತದೆಯೇ ಹೊರತು ಜಾಗ ಬಿಟ್ಟು ಕದಲುವುದಿಲ್ಲ. ಸೆಳೆಯುವ ಕೂಗು ಬೇರೆ, ಪತ್ತೆ ಹಚ್ಚುವ ಕೂಗು ಬೇರೆ.

ನಮ್ಮಲ್ಲಿ ಹೆಸರಾದದ್ದು ಮೊದಲನೆಯ ಬಗೆ. ಬಯಲುಸೀಮೆಯಲ್ಲಿ ಸಾಕಿದ ಗೌಜಲ ಹಕ್ಕಿಯನ್ನು ಪಂಜರದಲ್ಲಿಟ್ಟು ಕೂಗಿಸಿ, ಜಗಳಕ್ಕೆ ಓಡಿಬರುವ ಕಾಡಿನ ಗೌಜಲನ್ನು ಉರುಳಿಗೆ ಬೀಳಿಸುತ್ತಿದ್ದರು. ದೀವದ ಹಕ್ಕಿ ಎಂದರೆ ಅದೇ. ತೇಜಸ್ವಿಯವರ ಮೂಲಕ ಕನ್ನಡದ ಮನೆಮಾತಾದ ಜಿಮ್ ಕಾರ್ಬೆಟ್ 1938ರಲ್ಲಿ ಠಾಕ್ ಹಳ್ಳಿಯ ನರಭಕ್ಷಕಿಯನ್ನು ಕೊಂದದ್ದೂ ಹುಲಿಯ ಕೂಗನ್ನು ಅನುಕರಿಸಿ ಅದನ್ನು ಹತ್ತಿರಕ್ಕೆ ಬರಮಾಡಿಕೊಂಡು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಇಂಥ ಬೇಟೆ ಅಪರಾಧ. ಕಾಡಿಗೆ ಕೂಗಿ ಉತ್ತರ ಪಡೆಯುವ ವಿದ್ಯೆ ಮಾತ್ರ ಸತ್ತಿಲ್ಲ. ಅದು ಹಕ್ಕಿ ಎಣಿಸುವವರ ಕೈಗೆ ಬಂದಿದೆ.

ಟರ್ಕಿ ಗೂಬೆಗೆ ಯಾಕೆ ಓಗೊಡಬೇಕು? ಗೂಬೆ ಶತ್ರುವಾದ್ದರಿಂದ ಎನ್ನಲು ಮನಸ್ಸಾಗುತ್ತದೆ. ಆದರೆ ಶತ್ರುವಿನ ದನಿ ಕೇಳಿದ ಪ್ರಾಣಿ ಸುಮ್ಮನಿರುವುದು ಜಾಣತನ, ತಾನಿರುವ ಜಾಗವನ್ನು ಸಾರಿ ಹೇಳುವುದಲ್ಲ. ಮೇಲಾಗಿ ಅದು ಗುಡುಗಿಗೂ ಕೂಗುತ್ತದೆ, ರೈಲಿನ ಸಿಳ್ಳೆಗೂ ಕೂಗುತ್ತದೆ, ಕಾರಿನ ಬಾಗಿಲು ದಢಾರನೆ ಮುಚ್ಚಿದರೂ ಕೂಗುತ್ತದೆ. ಮಾರ್ಗ್ರೆಟ್ ಶ್ಲೈಟ್ ಎಂಬ ವಿಜ್ಞಾನಿ ಈ ಕೂಗನ್ನು ಯಾವ ಯಾವ ಸದ್ದು ಹೊರಡಿಸುತ್ತದೆ ಎಂದು ಪರೀಕ್ಷಿಸಿ 1954ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಬಂಧ ಪ್ರಕಟಿಸಿದರು. ಬಗೆಬಗೆಯ ಸದ್ದುಗಳು ಗಂಡು ಟರ್ಕಿಯನ್ನು ಕೂಗಿಸಬಲ್ಲವು. ಒಂದೇ ಸ್ವರವನ್ನು ಮತ್ತೆ ಮತ್ತೆ ಕೇಳಿಸಿದರೆ ಅದಕ್ಕೆ ಒಗ್ಗಿಹೋಗಿ ಸುಮ್ಮನಾಗುತ್ತದೆ. ಸ್ವರ ಬದಲಾಯಿಸಿದರೆ ಮತ್ತೆ ಕೂಗುತ್ತದೆ. ಅಮೆರಿಕದ ಬೇಟೆಗಾರ ಗೂಬೆ, ಕಾಗೆ, ತೋಳ ಎಂದು ದನಿ ಬದಲಿಸುತ್ತಿರುವುದರ ಹಿಂದೆ ಈ ಗುಟ್ಟೂ ಇರಬಹುದು. ಈ ಒಗ್ಗಿಹೋಗುವಿಕೆಯನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಅದೇ ಶ್ಲೈಟ್ ಮತ್ತು ಸಂಗಡಿಗರು 1960ರಲ್ಲಿ ಇನ್ನೊಂದು ಕಠೋರ ಪ್ರಯೋಗದ ಫಲ ಪ್ರಕಟಿಸಿದರು. ಕಿವುಡಾಗಿಸಿದ ಹೆಣ್ಣು ಟರ್ಕಿಗಳು ತಾವೇ ಕಾವು ಕೊಟ್ಟು ಹೊರಬಂದ ಮರಿಗಳನ್ನು ಕುಕ್ಕಿ ಕೊಂದವು. ಕಣ್ಣೆದುರಿನ ಮರಿ ಮರಿಯೆಂದು ತಿಳಿಯಬೇಕಾದರೆ ಅದರ ಚೀಂಗುಟ್ಟುವಿಕೆ ಕಿವಿಗೆ ಬೀಳಬೇಕು. ಇಲ್ಲದಿದ್ದರೆ ಅದು ಗೂಡಿಗೆ ನುಗ್ಗಿದ ಯಾವುದೋ ಚಿಕ್ಕ ಪ್ರಾಣಿ ಅಷ್ಟೇ. ನಾವು ನೋಟದಿಂದ ಲೋಕವನ್ನು ವಿಂಗಡಿಸಿದಂತೆ ಈ ಕೋಳಿಕುಲ ಎಷ್ಟೋ ಸಂಗತಿಗಳನ್ನು ಸದ್ದಿನಿಂದ ವಿಂಗಡಿಸುತ್ತದೆ. ಬೆದೆಗಾಲದಲ್ಲಿ ಗಂಡಿನ ರಕ್ತದಲ್ಲಿ ಹಾರ್ಮೋನು ಏರಿದಾಗ ಕೂಗು ಗಂಟಲಲ್ಲೇ ಸಿದ್ಧವಾಗಿರುತ್ತದೆ, ಹೊರಡಲು ಸಣ್ಣ ನೆಪ ಸಾಕು. ಗೂಬೆ ಅಂಥ ಒಂದು ನೆಪ. ನನಗೆ ಅತ್ಯಂತ ಒಪ್ಪಿಗೆಯಾಗುವ ವಿವರಣೆ ಇದು.

ಮುಂಜಾವವನ್ನೇ ಆರಿಸಿಕೊಳ್ಳುವುದಕ್ಕೆ ಭೌತವಿಜ್ಞಾನದ ಕಾರಣವೂ ಇದೆ. ರಾತ್ರಿಯಿಡೀ ನೆಲ ತಣ್ಣಗಾಗುತ್ತಾ ತನಗೆ ತಾಗಿದ ಗಾಳಿಯನ್ನೂ ತಂಪಾಗಿಸುತ್ತದೆ; ಮೇಲಿನ ಪದರ ಬೆಚ್ಚಗೇ ಉಳಿದಿರುತ್ತದೆ. ತಂಪು ಗಾಳಿಯಲ್ಲಿ ಶಬ್ದದ ವೇಗ ಕಡಿಮೆ, ಬೆಚ್ಚಗಿನ ಗಾಳಿಯಲ್ಲಿ ಹೆಚ್ಚು. ಹಾಗಾಗಿ ಮೇಲಕ್ಕೆ ಹೊರಟ ಅಲೆ ಬಾಗಿ ಮತ್ತೆ ನೆಲದತ್ತ ತಿರುಗುತ್ತದೆ. ಗಾಳಿಯೂ ಆಗ ಬೀಸುತ್ತಿರುವುದಿಲ್ಲ. ಹಗಲಲ್ಲಿ ಕಾದ ನೆಲದ ಮೇಲೆ ಇದೆಲ್ಲ ತಿರುಗುಮುರುಗಾಗಿ ಸದ್ದು ಆಕಾಶಕ್ಕೆ ಬಾಗಿ ಕಳೆದುಹೋಗುತ್ತದೆ. ಗೂಬೆಯಂಥ ದಪ್ಪ ದನಿಗೆ ಇನ್ನೊಂದು ಅನುಕೂಲ: ಎಲೆ ಕೊಂಬೆಗಳು ಕೀರಲು ದನಿಯನ್ನು ಚದುರಿಸಿದಷ್ಟು ಅದನ್ನು ಚದುರಿಸಲಾರವು.

ಕೇರಳದಲ್ಲಿ ಕಾಡು ಟರ್ಕಿ ಇಲ್ಲ, ಅದರ ಕುಲಬಂಧುಗಳಿವೆ. ಕಾಡುಕೋಳಿ, ಗೌಜಲು, ನವಿಲು ಎಲ್ಲ ಒಂದೇ ಕುಟುಂಬ. ಇವುಗಳಲ್ಲಿ ಟರ್ಕಿಯ ಚಾಳಿ ಎದ್ದುಕಾಣುವುದು ನವಿಲಿನಲ್ಲಿ. ಹಾವೇರಿ ಜಿಲ್ಲೆಯ ಬಂಕಾಪುರ ಕೋಟೆಯಲ್ಲೋ ಆದಿಚುಂಚನಗಿರಿಯ ತಪ್ಪಲಲ್ಲೋ ಮುಂಗಾರಿನ ಮೊದಲ ಗುಡುಗು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡುಗಿನ ಬೆನ್ನಿಗೇ ಒಂದು ನವಿಲು ಕೇಕೆ ಹಾಕುತ್ತದೆ, ಅದರ ಕೇಕೆಗೆ ಮತ್ತೊಂದು, ಹೀಗೆ ಇಡೀ ಬಯಲು ಎದ್ದು ಕೂಗುತ್ತದೆ. ಪಟಾಕಿಗೂ ಕೋವಿಯ ಈಡಿಗೂ ಹೀಗೆಯೇ. ಮಳೆಯನ್ನು ಕಂಡು ಸಂತೋಷಪಟ್ಟಿತು ಎಂದು ಕವಿಗಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಮಳೆಗಾಲದ ಆಸುಪಾಸು ಅದರ ಬೆದೆಗಾಲವೂ ಹೌದು. ಆದರೆ ಗುಡುಗಿಗೆ ಕೂಗುವ ಗಂಟಲು ಪಟಾಕಿಗೂ ಕೂಗುವುದನ್ನು ಕಂಡಾಗ, ಇಲ್ಲಿಯೂ ಕೂಗು ಸಿದ್ಧವಾಗಿದ್ದು ನೆಪಕ್ಕಾಗಿ ಕಾದಿರುತ್ತದೆ ಎನಿಸುತ್ತದೆ.

ಇದನ್ನು ಕೈಯಲ್ಲಿಟ್ಟುಕೊಂಡು ಕೇರಳದ ಒಂದು ಹಳೆಯ ದಾಖಲೆಯನ್ನು ಓದಿದರೆ ಅದು ಬೇರೆಯದೇ ತೂಕ ಪಡೆಯುತ್ತದೆ. 1933ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳ ಆಶ್ರಯದಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅಲ್ಲಿನ ಹಕ್ಕಿಗಳ ಸಮೀಕ್ಷೆ ನಡೆಸಿದರು. ಜೊತೆಗೆ ಮಡದಿ ತೆಹಮಿನಾ. ಕಡಲಂಚಿನಿಂದ ಘಟ್ಟದ ನೆತ್ತಿಯವರೆಗೆ 19 ತಾಣಗಳಲ್ಲಿ ಬಿಡಾರ ಹೂಡಿ ತಿಂಗಳುಗಟ್ಟಲೆ ಅಲೆದರು. ಆ ಸಮೀಕ್ಷೆಯೇ ಮುಂದೆ ಬೆಳೆದು 1953ರಲ್ಲಿ ತಿರುವಾಂಕೂರು-ಕೊಚ್ಚಿಯ ಹಕ್ಕಿಗಳ ಪುಸ್ತಕವಾಯಿತು, 1969ರಲ್ಲಿ ಕೇರಳದ ಹಕ್ಕಿಗಳ ಪುಸ್ತಕವಾಯಿತು. ಆ 19 ತಾಣಗಳಲ್ಲಿ ಒಂದೇ ಒಂದು ನವಿಲೂ ಅವರಿಗೆ ಸಿಗಲಿಲ್ಲ.

ಸಿಗಲಿಲ್ಲ ಎಂದರೆ ಇರಲಿಲ್ಲವೇ? ಹಕ್ಕಿ ಎಣಿಸುವವರನ್ನು ಕಾಡುವ ಪ್ರಶ್ನೆಗಳಲ್ಲೆಲ್ಲ ಇದು ದೊಡ್ಡದು. ಮೌನವಾಗಿ ಕೂತ ಹಕ್ಕಿ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅಂದಿನ ಸಮೀಕ್ಷೆ ಹೇಗೆ ನಡೆಯುತ್ತಿತ್ತು ನೋಡಿ. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ವಸ್ತುಸಂಗ್ರಹಾಲಯಕ್ಕೆ ಮಾದರಿಯಾಗಿ ಇಡುವುದು ಆ ಕಾಲದ ಕ್ರಮ. ಅಂದರೆ ಬಿಡಾರದ ಸುತ್ತ ಕೋವಿ ಸದ್ದು ಮಾಡುತ್ತಲೇ ಇತ್ತು. ಕೋವಿಯ ಸದ್ದಿಗೆ ನವಿಲು ಸುಮ್ಮನಿರುವ ಹಕ್ಕಿಯಲ್ಲ. ಉದ್ದೇಶವಿಲ್ಲದೆಯೇ ಆ ಸಮೀಕ್ಷೆ ಕೇರಳದ ಕಾಡಿಗೆ ಪತ್ತೆ ಕೂಗು ಹಾಕುತ್ತಾ ಹೋಗಿತ್ತು, ಉತ್ತರ ಬರಲಿಲ್ಲ. ಮೌನವಾಗಿ ಕೂರುವ ಕಪ್ಪೆಬಾಯಿ ಹಕ್ಕಿಯೋ ಕಾಡುಗೂಬೆಯೋ ಸಿಗಲಿಲ್ಲ ಎಂದಿದ್ದರೆ ನಾನು ಅಷ್ಟು ನಂಬುತ್ತಿರಲಿಲ್ಲ. ನವಿಲು ಸಿಗಲಿಲ್ಲ ಎಂಬ ಮಾತನ್ನು ಈ ಕಾರಣಕ್ಕೆ ಹೆಚ್ಚು ನಂಬುತ್ತೇನೆ.

75 ವರ್ಷಗಳ ನಂತರ ಕೇರಳದ ಪಕ್ಷಿತಜ್ಞರು ಸಲೀಂ ಅಲಿಯ ಜಾಡಿನಲ್ಲೇ ಮತ್ತೆ ನಡೆದಾಗ ಹಲವು ತಾಣಗಳಲ್ಲಿ ನವಿಲು ಸಿಕ್ಕಿತು. ಈಗ ಪಾಲಕ್ಕಾಡು ಜಿಲ್ಲೆಯ ಚೂಲನ್ನೂರಿನಲ್ಲಿ ನವಿಲಿಗೆಂದೇ ಒಂದು ಧಾಮವಿದೆ. ಮಲಯಾಳಿಗಳಿಗೆ ಹಕ್ಕಿ ನೋಡುವುದನ್ನು ಕಲಿಸಿದ ಕೆ. ಕೆ. ನೀಲಕಂಠನ್ ಅವರ ನೆನಪಿಗೆ ಮೀಸಲಾದದ್ದು. ಕೇರಳ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕೇರಳದ ಸುಮಾರು ಶೇಕಡಾ 19ರಷ್ಟು ನೆಲ ಈಗಾಗಲೇ ನವಿಲಿಗೆ ಹಿಡಿಸುವಂತಿದೆ, 2050ರ ಹೊತ್ತಿಗೆ ಅದು ದುಪ್ಪಟ್ಟಿಗಿಂತ ಹೆಚ್ಚಾಗಬಹುದು. ನವಿಲು ಒಣನಾಡಿನ ಹಕ್ಕಿ. ಹಸಿರು ಕೇರಳದಲ್ಲಿ ಅದರ ಕೇಕೆ ಕೇಳುತ್ತಿದೆ ಎಂದರೆ ನೆಲ ಒಣಗುತ್ತಿದೆ ಎಂಬುದರ ಸೂಚನೆಯೆಂದು ಅವರು ಹೇಳುತ್ತಾರೆ. ಪಾಳುಬಿದ್ದ ಗದ್ದೆಗಳೂ ಊರಿನ ಸುತ್ತ ಕಡಿಮೆಯಾದ ನರಿ ಕಾಡುಬೆಕ್ಕುಗಳೂ ಇದರಲ್ಲಿ ಪಾಲುಗಾರರಿರಬಹುದು. ಹವಾಮಾನ ಒಂದನ್ನೇ ಹೊಣೆ ಮಾಡುವುದು ನನಗೆ ಅವಸರವೆನಿಸುತ್ತದೆ.

ನವಿಲಿಗೆ ಪೂರಾ ವಿರುದ್ಧ ಸ್ವಭಾವದ ಹಕ್ಕಿಯೊಂದು ಕೊಚ್ಚಿಯಿಂದ ಎರಡು ತಾಸಿನ ದಾರಿಯಲ್ಲಿದೆ. ಪೆರಿಯಾರ್ ನದಿಯ ಬಡಗಣ ದಂಡೆಯ ತಟ್ಟೇಕ್ಕಾಡಿನಲ್ಲಿ 1933ರಲ್ಲಿ ಸಲೀಂ ಅಲಿ ತಂಗಿದ್ದರು. ಅಲ್ಲಿನ ಹಕ್ಕಿ ಸಂಪತ್ತನ್ನು ಅವರು ಬಾಯ್ತುಂಬ ಹೊಗಳಿದ್ದರು. 1983ರಲ್ಲಿ 25 ಚದರ ಕಿಲೋಮೀಟರಿನ ಆ ಕಾಡು ಪಕ್ಷಿಧಾಮವಾಯಿತು. ಶ್ರೀಲಂಕಾ ಮತ್ತು ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಕಪ್ಪೆಬಾಯಿ ಹಕ್ಕಿಯನ್ನು ನೋಡಲು ದೇಶದೇಶಗಳಿಂದ ಜನ ಇಲ್ಲಿಗೆ ಬರುತ್ತಾರೆ. ಗೇಣುದ್ದದ ಹಕ್ಕಿ. ಗಂಡು ಬೂದು, ಹೆಣ್ಣು ಇಟ್ಟಿಗೆಗೆಂಪು. ಹಗಲಲ್ಲಿ ಜೋಡಿಯಾಗಿ, ಒಂದಕ್ಕೊಂದು ಒತ್ತಿಕೊಂಡು, ಬಳ್ಳಿಗಳ ನಡುವಿನ ತೆಳು ರೆಂಬೆಯ ಮೇಲೆ ಕೂತು ಅಗಲ ಕೊಕ್ಕನ್ನು ಮೇಲಕ್ಕೆತ್ತಿ ಕಣ್ಣು ಮುಚ್ಚುತ್ತದೆ. ಕೈಗೆಟಕುವ ದೂರದಲ್ಲಿದ್ದರೂ ಕಾಣುವುದು ಎರಡು ಒಣ ತರಗೆಲೆ. ಕ್ಯಾಮರಾ ಕ್ಲಿಕ್ಕಿಸಿದರೂ ಕದಲದು, ಕೊಂಬೆ ಮುರಿದರೂ ಕೂಗದು. ಬಣ್ಣವೇ ಅದರ ರಕ್ಷಣೆ, ಮೌನ ಆ ರಕ್ಷಣೆಯ ಅರ್ಧ ಭಾಗ.

ಇಂಥ ಹಕ್ಕಿಗೆ ಗುಡುಗು, ಹಾರ್ನ್ ಯಾವುದೂ ನೆಪವಲ್ಲ. ಅದು ಓಗೊಡುವುದು ತನ್ನ ಕುಲದ ದನಿಗೆ ಮಾತ್ರ, ಅದೂ ಕತ್ತಲಾದ ಮೇಲೆ. ಮುಸ್ಸಂಜೆ ಕಳೆದ ಹೊತ್ತಿನಲ್ಲಿ ಮುದ್ರಿಸಿಕೊಂಡ ಕೂಗನ್ನು ಅರ್ಧ ನಿಮಿಷ ಕೇಳಿಸಿದರೆ ಗಂಡಿನ ಇಳಿದಿಳಿದು ಬರುವ ನಗುವಿನಂಥ ದನಿ, ಹೆಣ್ಣಿನ ಕರ್ಕಶ ಚೀರು ಒಂದಾದ ಮೇಲೊಂದು ಬರಬಹುದು. ಸಮೀಕ್ಷಕರು ಮೊದಲು ಕೆಲವು ನಿಮಿಷ ಸುಮ್ಮನೆ ಕೇಳುತ್ತಾರೆ, ಆಮೇಲೆ ಕೂಗು ಹಾಕುತ್ತಾರೆ, ಮತ್ತೆ ಸುಮ್ಮನೆ ಕೇಳುತ್ತಾರೆ. ತಿರುವನಂತಪುರದಿಂದ ತೆನ್ಮಲೆಯ ಕಡೆ ಹೋಗುವಾಗ ಸಿಗುವ ಅರಿಪ್ಪದ ಕಾಡಿನಲ್ಲೂ ಈ ಹಕ್ಕಿ ಇದೆ. ನೆಲ್ಲಿಯಾಂಪತಿಯ ಬೆಟ್ಟದಲ್ಲಿ ಸಿಕ್ಕ ಮಾದರಿಯಿಂದ 1978ರಲ್ಲಿ ಹೆಸರು ಪಡೆದ ಕಂದುಗೂಬೆಯ ಒಂದು ಉಪಜಾತಿಯ ಕಥೆಯೂ ಇಂಥದ್ದೇ. ಅದರ ಸಿಳ್ಳೆಯಂಥ ಕೂಗನ್ನು ಕಿವಿ ಗುರುತಿಸಲು ಕಲಿತ ಮೇಲೆ ಅದು ಘಟ್ಟದ ಇನ್ನೂ ಹಲವೆಡೆ ದಾಖಲಾಯಿತು.

ಕೂಗಿನಿಂದ ಎಷ್ಟು ಲಾಭ ಎಂಬುದನ್ನು ಚಿಕ್ಕ ಲೆಕ್ಕವೊಂದು ತೋರಿಸುತ್ತದೆ. ಒಂದು ಜಾಗದಲ್ಲಿ ಹಕ್ಕಿ ಇದೆ, ಸುಮ್ಮನೆ ಕಿವಿಗೊಟ್ಟರೆ ಒಂದು ರಾತ್ರಿ ಅದರ ದನಿ ಕೇಳುವ ಸಂಭವ ಅರ್ಧ ಎಂದುಕೊಳ್ಳಿ. ಮೂರು ರಾತ್ರಿ ಹೋದರೂ ಏನೂ ಕೇಳದಿರುವ ಸಂಭವ ಎಂಟರಲ್ಲಿ ಒಂದು. ಪತ್ತೆ ಕೂಗು ಹಾಕಿ ಆ ಸಂಭವವನ್ನು ಐದರಲ್ಲಿ ನಾಲ್ಕಕ್ಕೆ ಏರಿಸಿದರೆ ಎರಡೇ ರಾತ್ರಿಯ ಮೌನ ಸಾಕು, ತಪ್ಪಿಹೋಗುವ ಸಂಭವ ಇಪ್ಪತ್ತೈದರಲ್ಲಿ ಒಂದಕ್ಕೆ ಇಳಿಯುತ್ತದೆ. ಇಲ್ಲ ಎಂದು ಹೇಳುವ ಧೈರ್ಯ ಬರುವುದು ಹೀಗೆ.

ಕಾಡಿನಲ್ಲಿ ಈ ವಿದ್ಯೆ ಬಲ್ಲದ್ದು ಮನುಷ್ಯ ಒಬ್ಬನೇ ಅಲ್ಲ. ಬಾಲದ ತುದಿಯಲ್ಲಿ ಎರಡು ಗರಿಗುಚ್ಛ ಇಳಿಬಿಟ್ಟುಕೊಂಡು ಹಾರುವ ಭೀಮರಾಜ ಬೇರೆ ಹಕ್ಕಿಗಳ ದನಿಯನ್ನು ಹಾಗೆ ಹಾಗೆಯೇ ಎತ್ತುತ್ತದೆ. ಶ್ರೀಲಂಕಾದ ಸಿಂಹರಾಜ ಕಾಡಿನಲ್ಲಿ ಈಬನ್ ಗುಡೇಲ್ ಮತ್ತು ಶರತ್ ಕೊಟಗಮ ನಡೆಸಿದ ಅಧ್ಯಯನಗಳು, ಅದು ಜೊತೆಗಾರ ಹಕ್ಕಿಗಳ ಕೂಗನ್ನು ಅನುಕರಿಸಿ ಮಿಶ್ರ ಗುಂಪನ್ನು ತನ್ನತ್ತ ಕಲೆಹಾಕುತ್ತದೆ ಎಂದು ತೋರಿಸಿವೆ. ಗುಂಪು ಎಲೆ ಕೆದಕುವಾಗ ಏಳುವ ಹುಳುಗಳು ಅದಕ್ಕೆ ಊಟ. ತಟ್ಟೇಕ್ಕಾಡಿನಲ್ಲೂ ಭೀಮರಾಜ ಬೇಕಾದಷ್ಟಿದೆ. ಆದ್ದರಿಂದ ಮರೆಯಿಂದ ಬಂದ ಉತ್ತರವನ್ನು ಕೇಳಿದಾಕ್ಷಣ ಪಟ್ಟಿಗೆ ಹಕ್ಕಿಯ ಹೆಸರು ಸೇರಿಸುವ ಮುನ್ನ ಎರಡು ಸಲ ಯೋಚಿಸಬೇಕು.

ಕೂಗಿ ಹುಡುಕುವುದೋ, ಸುಮ್ಮನೆ ಕಿವಿಗೊಡುವುದೋ ಎಂಬ ಪ್ರಶ್ನೆಯನ್ನು ಕೊಚ್ಚಿಯ ಒಂದು ಸಂಸ್ಥೆ ದಶಕಗಳಿಂದ ಬೇರೆ ಕಾರಣಕ್ಕೆ ಕೇಳಿಕೊಂಡು ಬಂದಿದೆ. ತೃಕ್ಕಾಕ್ಕರದಲ್ಲಿರುವ ನೌಕಾ ಭೌತಿಕ ಮತ್ತು ಸಾಗರಶಾಸ್ತ್ರ ಪ್ರಯೋಗಾಲಯ ನಮ್ಮ ನೌಕಾಪಡೆಗೆ ಸೋನಾರ್ ರೂಪಿಸುವ ಸಂಸ್ಥೆ. 1971ರ ಡಿಸೆಂಬರ್ 9ರಂದು ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿ ಪಾಕಿಸ್ತಾನದ ಜಲಾಂತರ್ಗಾಮಿಯ ದಾಳಿಗೆ ಮುಳುಗಿದ ನಂತರ ಸ್ವದೇಶಿ ಸೋನಾರಿನ ಅಗತ್ಯ ಎದೆಗೆ ನಾಟಿತು. ಮುಂದೆ ಆರೋಗ್ಯಸ್ವಾಮಿ ಪೌಲರಾಜ್ ಮುಂದಾಳತ್ವದಲ್ಲಿ ಇಲ್ಲಿಯೇ ಅಪ್ಸೋಹ್ ಎಂಬ ಸೋನಾರ್ ಸಿದ್ಧವಾಯಿತು. ಸೋನಾರಿನಲ್ಲಿ ಎರಡು ಬಗೆ. ಒಂದು, ನೀರಿಗೆ ಸದ್ದು ಬಿಟ್ಟು ಮರುದನಿಗೆ ಕಾಯುವುದು. ಇನ್ನೊಂದು, ಸದ್ದು ಮಾಡದೆ ಎದುರಾಳಿಯ ಎಂಜಿನ್ನಿನ ದನಿಗೆ ಕಿವಿಗೊಡುವುದು. ಮೊದಲನೆಯದರಲ್ಲಿ ದೂರ ಖಚಿತವಾಗಿ ತಿಳಿಯುತ್ತದೆ, ಆದರೆ ಸದ್ದು ಬಿಟ್ಟ ಹಡಗು ತಾನಿರುವ ಜಾಗವನ್ನೂ ತಿಳಿಸಿಬಿಡುತ್ತದೆ. ಹಡಗಿನಲ್ಲಿ ಈ ಅಪಾಯ ಕೂಗಿದವನದು. ಕಾಡಿನಲ್ಲಿ ಹಾಗಲ್ಲ. ಕೂಗುವವರು ನಾವು, ಬಯಲಾಗುವುದು ಓಗೊಟ್ಟ ಹಕ್ಕಿ.

ಈ ಮಾತನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಕಪ್ಪೆಬಾಯಿ ಇಡುವುದು ಒಂದೇ ಮೊಟ್ಟೆ. ಅಂಗೈಯಷ್ಟೂ ಅಗಲವಿಲ್ಲದ ಗೂಡಿನಲ್ಲಿ ಹಗಲಿಡೀ ಗಂಡು ಕಾವು ಕೂರುತ್ತದೆ. ಇರುಳಲ್ಲಿ ತನ್ನ ಎಲ್ಲೆಯೊಳಗೆ ಬೇರೊಂದು ಗಂಡಿನ ದನಿ ಕೇಳಿದರೆ ಅದನ್ನು ಹುಡುಕಿ ಅಟ್ಟದೆ ಗತಿಯಿಲ್ಲ. ಆ ಅಲೆದಾಟದಲ್ಲಿ ಹೊಟ್ಟೆಗೆ ಸಿಗಬೇಕಾದ ಪತಂಗ ತಪ್ಪುತ್ತದೆ. ಅದೇ ಕಾಡಿನ ದೊಡ್ಡ ಗೂಬೆಗಳಿಗೆ ಅದರ ಜಾಗ ಗೊತ್ತಾಗುತ್ತದೆ. ಸಮೀಕ್ಷೆಗಾಗಿ ವರ್ಷಕ್ಕೆ ಒಂದೆರಡು ಸಲ ಕೇಳುವ ಪ್ರಶ್ನೆಗೆ ಹಕ್ಕಿ ತೆರುವ ಬೆಲೆಯನ್ನು ಹೇಗೋ ಸಮರ್ಥಿಸಿಕೊಳ್ಳಬಹುದು. ಫೋಟೊ ಬೇಕೆಂದು, ಗುಂಪಿನ ಮೇಲೆ ಗುಂಪು, ಸಂಜೆಯ ಮೇಲೆ ಸಂಜೆ, ಮೊಬೈಲಿಗೆ ಸ್ಪೀಕರ್ ಸಿಕ್ಕಿಸಿ ಒಂದೇ ಹಕ್ಕಿಯನ್ನು ಕೂಗಿಸುವುದನ್ನು ಸಮರ್ಥಿಸಲಾಗದು.

ಶ್ಲೈಟ್ ಅವರ ಟರ್ಕಿ ಇಲ್ಲಿ ಮತ್ತೆ ಎದುರಾಗುತ್ತದೆ. ಮತ್ತೆ ಮತ್ತೆ ಅದೇ ಸ್ವರ ಕೇಳಿದ ಹಕ್ಕಿ ಒಗ್ಗಿಹೋಗಿ ಸುಮ್ಮನಾಗುತ್ತದೆ. ಪ್ರವಾಸಿಗರ ಸ್ಪೀಕರಿಗೆ ದಿನವೂ ಕಿವಿಗೊಟ್ಟು ಬೇಸತ್ತ ಕಪ್ಪೆಬಾಯಿ, ಮುಂದೊಂದು ದಿನ ಎಣಿಸಲು ಬಂದವರ ಕೂಗಿಗೂ ಸುಮ್ಮನಿರಬಹುದು. ಹಕ್ಕಿ ಅದೇ ರೆಂಬೆಯ ಮೇಲಿರುತ್ತದೆ, ಪಟ್ಟಿಯಲ್ಲಿ ಮಾತ್ರ ಇಲ್ಲ ಎಂದು ದಾಖಲಾಗುತ್ತದೆ. ಹುಡುಕುವ ಉಪಾಯವೇ ಹುಡುಕಾಟವನ್ನು ಕೆಡಿಸುವುದು ಹೀಗೆ. ಆದ್ದರಿಂದ ಅನೇಕ ಸಂಶೋಧಕರು ಈಗ ಕೂಗುವುದನ್ನು ಬಿಟ್ಟು ಕಿವಿಗೊಡುವುದಕ್ಕೆ ಮರಳಿದ್ದಾರೆ. ಮರಕ್ಕೆ ಕಟ್ಟಿದ ಪುಟ್ಟ ಧ್ವನಿಮುದ್ರಕ ವಾರಗಟ್ಟಲೆ ಕಾಡಿನ ಸದ್ದು ತುಂಬಿಕೊಳ್ಳುತ್ತದೆ, ಆಮೇಲೆ ಕಂಪ್ಯೂಟರ್ ಅದರಲ್ಲಿ ಬೇಕಾದ ದನಿಯನ್ನು ಹೆಕ್ಕುತ್ತದೆ. ಹಕ್ಕಿ ತನಗೆ ಬೇಕಾದಾಗ ಕೂಗುತ್ತದೆ. ಯಂತ್ರ ಕಾಯುತ್ತದೆ.

ನವಿಲಿನ ವಿಷಯದಲ್ಲಂತೂ ಸ್ಪೀಕರೂ ಬೇಡ, ಕೋವಿಯೂ ಬೇಡ. 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಸೇರಿ ತಯಾರಿಸಿದ ಕೇರಳ ಪಕ್ಷಿ ನಕಾಶೆಯಲ್ಲಿ 361 ಜಾತಿಗಳ ಮೂರು ಲಕ್ಷ ದಾಖಲೆಗಳಿವೆ. ದೇಶದಲ್ಲಿ ಒಂದು ರಾಜ್ಯ ಇಂಥದ್ದನ್ನು ಪೂರೈಸಿದ್ದು ಅದೇ ಮೊದಲು, ಕನ್ನಡಿಗರಾದ ನಾವು ಅಸೂಯೆಪಡಬೇಕಾದ ಕೆಲಸ. ಅದರ ಎಣಿಕೆ ನಡೆದದ್ದು ವರ್ಷಕ್ಕೆ ಎರಡು ಅವಧಿಗಳಲ್ಲಿ: ಜನವರಿ ನಡುವಿನಿಂದ ಮಾರ್ಚ್ ನಡುವಿನವರೆಗೆ, ಮತ್ತೆ ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ. ಎಲ್ಲ ಹಕ್ಕಿಗಳಿಗೂ ಸಲ್ಲುವ ಒಳ್ಳೆಯ ಆಯ್ಕೆ. ಆದರೆ ದಕ್ಷಿಣ ಭಾರತದ ನವಿಲಿಗೆ ಬೆದೆ ಏರುವುದು ಏಪ್ರಿಲ್-ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚಿನ ಗುಡುಗು ಮಳೆ ಕೇರಳವನ್ನು ನಡುಗಿಸುವುದೂ ಆಗಲೇ. ಆ ಎರಡು ತಿಂಗಳ ಸಂಜೆಗಳಲ್ಲಿ ಕೊಚ್ಚಿಯ ಹೊರವಲಯದಿಂದ ತಿರುವನಂತಪುರದ ರಬ್ಬರ್ ಗುಡ್ಡಗಳವರೆಗೆ, ಗುಡುಗಿದ ಮೇಲೆ ಒಂದು ನಿಮಿಷ ಅಂಗಳದಲ್ಲಿ ನಿಂತು, ಕೇಕೆ ಕೇಳಿತೋ ಇಲ್ಲವೋ ಎಂದು ಊರೂರಿನ ಜನ ಬರೆದಿಟ್ಟರೆ ಸಾಕು. ಕೇಳಲಿಲ್ಲ ಎಂದವರ ಚೀಟಿಯೂ ಕೇಳಿತು ಎಂದವರ ಚೀಟಿಯಷ್ಟೇ ಬೆಲೆಯುಳ್ಳದ್ದು. ನವಿಲು ಎಲ್ಲಿಯವರೆಗೆ ಬಂದಿದೆ, ಎಲ್ಲಿಗೆ ಇನ್ನೂ ಬಂದಿಲ್ಲ ಎಂಬ ಗೆರೆಯನ್ನು ಎಳೆಯಲು ಎರಡೂ ಬೇಕು.